ಜೂನ್ ತಿಂಗಳ ಅಳತೆ

ಜೂನ್ 9

ಅಕ್ಕ,

ಕ್ಷೇಮವಾಗಿ ತಲುಪಿದೆ. ರೈಲಿನಲ್ಲಿ ನಿದ್ದೆ ಬರಲಿಲ್ಲ. ನಾನು ನಿನ್ನ ಮನೆಯ ಬಾಗಿಲು ದಾಟುವಾಗ ನಮ್ಮ ಮೆಣಸು ತಿರುಗಿಯೂ ನೋಡಲಿಲ್ಲ. ನಿನ್ನ ಆ ನೀರಿನ ತೊಟ್ಟಿಯಲ್ಲಿ ಲೋಟ ಮುಳುಗಿಸುತ್ತ ಕೂತಿದ್ದಳು. ಎರಡು ವರ್ಷವೂ ತುಂಬದ ಮಗು ಅಪ್ಪ ಹೊರಟರೆ ಅಳಬೇಕಲ್ಲವೇ? ಅಳದಿರಲಿ ಎಂದು ನೀನೇ ಮೊದಲೇ ಏನಾದರೂ ಏರ್ಪಾಟು ಮಾಡಿದ್ದೆಯಾ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಫೋನು ಬೇಡ, ಪತ್ರ ಬರೆ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿಯಿಲ್ಲ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇಷ್ಟು ವರ್ಷ ಅಂಗಡಿಗಳ ತಪಾಸಣೆ ಮಾಡಿ ನಾನು ಕಲಿತದ್ದು ಒಂದೇ: ನಗುನಗುತ್ತ ಮಾತಾಡುವ ವ್ಯಾಪಾರಿಯ ಹೆಬ್ಬೆರಳು ತಕ್ಕಡಿಯ ಮೇಲಿರುತ್ತದೆ. ನೀನು ಅಂಥವಳು ಅನ್ನುತ್ತಿಲ್ಲ. ನೀನೂ ನಗುನಗುತ್ತಲೇ ಮಾತಾಡುತ್ತೀಯ ಅನ್ನುತ್ತಿದ್ದೇನೆ.

ಪ್ರತಿ ಪತ್ರದಲ್ಲೂ ಮೆಣಸಿನ ತೂಕ, ಎತ್ತರ, ಊಟ ಬರಬೇಕು. ಹೊರಡುವ ಮುಂಚೆ ನಾನೇ ಟೇಪು ಹಿಡಿದು ಅವಳ ಎತ್ತರ, ಎದೆ, ತೋಳು ಅಳೆದು ಬರೆದುಕೊಂಡು ಬಂದಿದ್ದೇನೆ. ಹೋಲಿಸಿ ನೋಡಲು ಆಗುತ್ತದೆ.

ಇನ್ನು ಮೆಣಸಿನ ಅಮ್ಮ. ಇವಳು ಪರವಾಗಿಲ್ಲ. ದಿನಾ ಸಂಜೆ ಆಸ್ಪತ್ರೆಗೆ ಹೋಗಿ ಬರುತ್ತೇನೆ. ಸಮಯ ಬೇಕು ಅನ್ನುತ್ತಾರೆ ಡಾಕ್ಟರು. ಹೊಟ್ಟೆಯಲ್ಲಿದ್ದ ಕೂಸು ಹೋದ ಮೇಲೆ ಮಡಿಲಲ್ಲಿದ್ದ ಕೂಸನ್ನೂ ಮುಟ್ಟದಾದಳಲ್ಲ, ಅದು ಸರಿಹೋಗುವವರೆಗೆ ಮಾತ್ರ ಮೆಣಸು ನಿನ್ನ ಬಳಿ ಇರುತ್ತಾಳೆ. "ಮಾತ್ರ" ಅನ್ನುವುದರ ಕೆಳಗೆ ಗೆರೆ ಎಳೆದಿದ್ದೇನೆ, ನೋಡು.

ನಿನ್ನ ತಮ್ಮ

ಜೂನ್ 21

ತಮ್ಮಾ,

ನಿನ್ನ ಪತ್ರವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. "ಇದು ಪತ್ರ ಅಲ್ಲ ಕಣೇ, ನೋಟಿಸು. ಉತ್ತರ ಕೊಡ್ದಿದ್ರೆ ನಿನ್ನ ಅಂಗಡಿಗೆ ಬೀಗ ಹಾಕ್ತಾನೆ" ಅಂದರು.

ನೀನು ಹೊರಟಾಗ ಮೆಣಸು ಅಳಲಿಲ್ಲ, ನಿಜ. ನೀನು ಬೀದಿ ತಿರುಗಿದ ಮೇಲೆ ಅತ್ತಳು. ನೋಡಲು ನೀನಿರಲಿಲ್ಲ. ಈಗ ಸಮಾಧಾನವಾಯಿತಾ?

ನನ್ನ ಮುಂದಿನ ಕೋಣೆ ನೀನು ಕಂಡದ್ದೇ. ಬೆಳಿಗ್ಗೆ ಎಂಟು ಮಕ್ಕಳನ್ನು ತಂದು ಬಿಡುತ್ತಾರೆ, ಎಲ್ಲವೂ ಮೂರು ವರ್ಷದ ಒಳಗಿನವು. ಮೆಣಸು ಒಂಬತ್ತನೆಯವಳು. ಈ ತಿಂಗಳು ನಮ್ಮದು ತುಂಬುವುದು, ಚೆಲ್ಲುವುದು. ತೊಟ್ಟಿಯಲ್ಲಿ ನೀರು, ಅಗಲ ಬಾಯಿಯ ಬಟ್ಟಲು, ಉದ್ದನೆಯ ಲೋಟ, ತಳ ತೂತಾದ ಡಬ್ಬಿ ಇಟ್ಟಿದ್ದೇನೆ. ನಾನು ಏನನ್ನೂ ಹೇಳಿಕೊಡುವುದಿಲ್ಲ. "ತುಂಬ್ತಾ? ಇನ್ನೂ ಹಿಡಿಯುತ್ತಾ?" ಎಂದು ಕೇಳುತ್ತೇನೆ, ಅಷ್ಟೇ. ಮೆಣಸು ಆ ತೂತು ಡಬ್ಬಿಯನ್ನು ಬಿಡಲೊಲ್ಲಳು. ಸುರಿಯುತ್ತಾಳೆ, ಎತ್ತಿ ತಳ ನೋಡುತ್ತಾಳೆ, ಮತ್ತೆ ಸುರಿಯುತ್ತಾಳೆ. ತಳ ನೋಡುವ ಚಾಳಿ ಯಾರಿಂದ ಬಂತೆಂದು ನಾನು ಹೇಳಬೇಕಾಗಿಲ್ಲ. ನಿನ್ನೆ ಬಟ್ಟಲಿನ ನೀರನ್ನು ಉದ್ದ ಲೋಟಕ್ಕೆ ಸುರಿದು "ದೊಡ್ಡಾಯ್ತು!" ಎಂದು ಚಪ್ಪಾಳೆ ಹೊಡೆದಳು.

ತೂಕ ಕೇಳಿದ್ದೀಯ. ಬಟ್ಟೆ ಹಾಕುವ ಹ್ಯಾಂಗರಿನ ಎರಡು ತುದಿಗೆ ಎರಡು ಡಬ್ಬಿ ಕಟ್ಟಿ ತೂಗುಹಾಕಿದ್ದೇನೆ, ನನ್ನಲ್ಲಿರುವ ತಕ್ಕಡಿ ಅದೊಂದೇ. ಅದರಲ್ಲಿ ಕಲ್ಲು, ಗುಂಡಿ, ಬೀಗದ ಕೈ ತೂಗಬಹುದು, ನಿನ್ನ ಮಗಳನ್ನಲ್ಲ. ಸೊಂಟದ ಮೇಲೆ ಕೂರಿಸಿಕೊಂಡರೆ ಮೊದಲಿಗಿಂತ ಭಾರ. ಹಾಲು ಸ್ವಲ್ಪ ಹೆಚ್ಚೇ ಕುಡಿಯುತ್ತಾಳೆ.

"ಇವಳು ಪರವಾಗಿಲ್ಲ" ಎಂದು ಒಂದು ಸಾಲು ಬರೆದೆಯಲ್ಲ, ಪರವಾಗಿಲ್ಲ ಅಂದರೆ ಎಷ್ಟು? ಮಾತಾಡುತ್ತಾಳಾ? ಮಗಳನ್ನು ಕೇಳುತ್ತಾಳಾ?

ಅಕ್ಕ

ಜುಲೈ 6

ಅಕ್ಕ,

ನಿನ್ನ ಪತ್ರ ತಲುಪಿತು. ಕೆಲವು ಸಂದೇಹಗಳಿವೆ.

"ಸ್ವಲ್ಪ ಹೆಚ್ಚೇ" ಅಂದರೆ ಎಷ್ಟು? ಸ್ವಲ್ಪ ಎಂಬ ಅಳತೆ ಯಾವ ಸರ್ಕಾರದಲ್ಲೂ ಚಾಲ್ತಿಯಲ್ಲಿಲ್ಲ. ಸೊಂಟವೂ ತಕ್ಕಡಿಯಲ್ಲ. ದಣಿದ ಸೊಂಟಕ್ಕೆ ಯಾವ ಮಗುವೂ ಭಾರವೇ.

ಬಟ್ಟಲಿನ ನೀರು ಲೋಟಕ್ಕೆ ಬಂದರೆ ದೊಡ್ಡದಾಗುವುದಿಲ್ಲ. ನೀನು ತಿದ್ದಿದೆಯಾ? ತಿದ್ದಿದೆ ಎಂದು ಬರೆದಿಲ್ಲ. ಉದ್ದ ಸೀಸೆ ತೋರಿಸಿ ಎಣ್ಣೆ ಮಾರುವವರನ್ನು ಹಿಡಿಯುವುದು ನನ್ನ ಕೆಲಸ. ನನ್ನ ಮಗಳೇ ಅವರ ಗಿರಾಕಿಯಾಗುವುದು ಬೇಡ.

ಇನ್ನೊಂದು. ನಿನ್ನ ಪತ್ರದ ಮೊದಲ ಪುಟ ನೀಲಿ ಶಾಯಿ, ಎರಡನೆಯದು ಕಪ್ಪು. ಒಂದೇ ಸಲ ಕೂತು ಬರೆದದ್ದಲ್ಲ. ನಡುವೆ ಏನಾಯಿತು? ಮೊದಲು ನೀಲಿಯಲ್ಲಿ ಬರೆದ ಎರಡನೆಯ ಪುಟ ಇತ್ತೇ? ಇದ್ದರೆ ಎಲ್ಲಿ ಹೋಯಿತು?

ಮೊಸರಿನಲ್ಲಿ ಕಲ್ಲು ಹುಡುಕುತ್ತಾನೆ ಎಂದು ನೀನೂ ಭಾವನೂ ನಗುತ್ತೀರಿ, ಗೊತ್ತು. ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಾರೆ, ಕಲ್ಲು ಸಿಗುತ್ತಲೂ ಇರುತ್ತದೆ.

ಇವಳು ಹಾಗೇ ಇದ್ದಾಳೆ. ಔಷಧಿ ಬದಲಾಯಿಸಿದ್ದಾರೆ.

ತಮ್ಮ

ಜುಲೈ 24

ತಮ್ಮಾ,

ನೀಲಿ ಪೆನ್ನನ್ನು ಗುಂಡ ಎಂಬ ಎರಡೂವರೆ ವರ್ಷದ ಮಹಾಶಯ ಮರಳಿನಲ್ಲಿ ಹೂತಿಟ್ಟ. ಎಷ್ಟು ಆಳ ಹೋಗುತ್ತದೆ ಎಂದು ನೋಡುತ್ತಿದ್ದನಂತೆ. ನಿನ್ನ ಇಲಾಖೆಯಿಂದ ಯಾರನ್ನಾದರೂ ಕಳಿಸು, ಅವನನ್ನು ವಿಚಾರಿಸಿಕೊಳ್ಳಲಿ.

ನಾನು ತಿದ್ದಲಿಲ್ಲ, ತಿದ್ದುವುದೂ ಇಲ್ಲ. ಈ ವಯಸ್ಸಿಗೆ ಎತ್ತರ ಕಂಡದ್ದೇ ಹೆಚ್ಚು. ಅದು ತಪ್ಪಲ್ಲ, ವಯಸ್ಸು. "ಎರಡೂ ಒಂದೇ ಕಣೇ" ಎಂದು ನಾನು ಹೇಳಿದರೆ ಗಿಳಿಯ ಹಾಗೆ ಒಪ್ಪಿಸುತ್ತಾಳೆ, ನಂಬುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಸುರಿದು ಸುರಿದು ಯಾವತ್ತೋ ಒಂದು ದಿನ ಅವಳಿಗೇ ಅನುಮಾನ ಬರಬೇಕು. ನಿನ್ನ ಮಗಳಲ್ಲವೇ, ಬೇಗ ಬರುತ್ತದೆ.

ಈ ತಿಂಗಳು ಭಾರ, ಹಗುರ. ಒಂದು ದೊಡ್ಡ ದಿಂಬು, ಒಂದು ಚಿಕ್ಕ ಕಲ್ಲು ಇಟ್ಟೆ. ಮಕ್ಕಳೆಲ್ಲ ದೊಡ್ಡದಕ್ಕೆ ಉಸಿರು ಬಿಗಿಹಿಡಿದು ಕೈ ಹಾಕುವುದು, ಅದು ಪುಸಕ್ಕನೆ ಎದ್ದು ಬಂದು ಹಿಂದಕ್ಕೆ ಬೀಳುವುದು. ಬಿದ್ದು ನಗುವುದು, ಮತ್ತೆ ಎತ್ತುವುದು. ಮೆಣಸು ಮಾತ್ರ ಕಲ್ಲಿಗೆ ಹೋದಳು. ಎತ್ತಲಾಗದೆ ಕೂಗಿ ಕರೆದಳು. ನಾನು ಹೋದರೆ ಅದನ್ನು ನನ್ನ ಕಾಲ ಮೇಲೆ ಉರುಳಿಸಿ "ಭಾರ" ಅಂದಳು. ಹೆಬ್ಬೆರಳು ಇನ್ನೂ ಊದಿದೆ. ಆದರೂ ನನಗೆ ಆ ದಿನವೆಲ್ಲ ಸಂತೋಷವಾಗಿತ್ತು.

ಇನ್ನು ನನ್ನ ಸಂದೇಹ. ಮೊದಲು "ಪರವಾಗಿಲ್ಲ", ಈಗ "ಹಾಗೇ ಇದ್ದಾಳೆ". ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎಷ್ಟು ದಿನ ಮಾತಾಡುತ್ತೀಯ? ನಿಜ ಹೇಳು, ನಿನ್ನ ಹೆಂಡತಿ ಆಸ್ಪತ್ರೆಯಲ್ಲೇ ಇದ್ದಾಳಾ? ತವರಿಗೆ ಕಳಿಸಿಬಿಟ್ಟೆಯಾ?

ಅಕ್ಕ

ಆಗಸ್ಟ್ 11

ಅಕ್ಕ,

ಮೆಣಸು ನಿನ್ನನ್ನು "ಕೂಗಿ ಕರೆದಳು" ಎಂದು ಬರೆದಿದ್ದೀಯ. ಏನೆಂದು ಕರೆದಳು?

ಉಳಿದ ಮಾತುಗಳನ್ನೆಲ್ಲ ಚಾಚೂ ತಪ್ಪದೆ ಬರೆದಿದ್ದೀಯ. "ದೊಡ್ಡಾಯ್ತು" ಅಂದದ್ದು ಇದೆ, "ಭಾರ" ಅಂದದ್ದು ಇದೆ. ಇಲ್ಲಿ ಮಾತ್ರ ಬರೀ "ಕರೆದಳು". ಈ ಪತ್ರಕ್ಕೆ ಅಷ್ಟೇ ಉತ್ತರ ಸಾಕು.

ಇವಳು ಇಲ್ಲೇ ಇದ್ದಾಳೆ, ಆಸ್ಪತ್ರೆಯಲ್ಲೇ. ತವರಿಗೆ ಕಳಿಸುವಷ್ಟು ಕೆಟ್ಟವನಲ್ಲ ನಾನು.

ತಮ್ಮ

ಸೆಪ್ಟೆಂಬರ್ 19

ತಮ್ಮಾ,

ಬರೆಯುವುದು ತಡವಾಯಿತು. ಮನೆಯಲ್ಲಿ ಎಲ್ಲರಿಗೂ ಒಬ್ಬರಾದ ಮೇಲೆ ಒಬ್ಬರಿಗೆ ನೆಗಡಿ. ಮೆಣಸಿಗೂ ಬಂದು ಹೋಯಿತು, ಈಗ ಏನೂ ಇಲ್ಲ, ಮೂಗು ಒಣಗಿದೆ.

ಈಗ ನಮ್ಮದು ಉದ್ದ, ಗಿಡ್ಡ. ಪ್ರತಿ ಮಗುವಿನ ಪಾದವನ್ನೂ ರಟ್ಟಿನ ಮೇಲೆ ಇರಿಸಿ, ಸುತ್ತ ಗೆರೆ ಎಳೆದು, ಕತ್ತರಿಸಿ ಕೊಟ್ಟೆ. ಒಂದೊಂದಕ್ಕೂ ತನ್ನದೇ ಪಾದದ ಒಂದು ಕಟ್ಟು. ಚಾಪೆಯ ಈ ತುದಿಯಿಂದ ಆ ತುದಿಗೆ ಸಾಲಾಗಿ ಜೋಡಿಸಬೇಕು. ಎಣಿಕೆ ಯಾರಿಗೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನಡುವೆ ಸಂದು ಬಿಡಬಾರದು, ಒಂದರ ಮೇಲೊಂದು ಏರಬಾರದು, ಅಷ್ಟು ತಿಳಿದರೆ ಅಳೆಯುವುದು ಅರ್ಧ ಬಂದ ಹಾಗೆ. ಗುಂಡ ತನ್ನ ಪಾದಗಳನ್ನು ಒಟ್ಟಿ ಅದರ ಮೇಲೆ ಕೂತ. ಮೆಣಸು ಚಾಪೆಯ ತುದಿ ಮುಟ್ಟಿದ ಮೇಲೂ ನಿಲ್ಲಿಸಲಿಲ್ಲ. ನೆಲ, ಹೊಸ್ತಿಲು, ಅಂಗಳ, ಹೀಗೇ ಜೋಡಿಸುತ್ತ ಬೀದಿ ಬಾಗಿಲವರೆಗೂ ಹೋದಳು. ಕಟ್ಟು ಮುಗಿಯಿತೆಂದು ಅಲ್ಲಿ ಕೂತು ಅತ್ತಳು.

ಚಪ್ಪಲಿ ಚಿಕ್ಕದಾಯಿತು, ಹೊಸದು ತಂದಿದ್ದೇವೆ. ಉಗುರು ಕತ್ತರಿಸಲು ಬಿಡುವುದಿಲ್ಲ. ನಿನ್ನ ಭಾವನ ಕನ್ನಡಕವನ್ನು ಹ್ಯಾಂಗರಿನ ಡಬ್ಬಿಯಲ್ಲಿ ಹಾಕಿ ಎದುರಿಗೆ ಒಂದು ಬೀಗ ಇಟ್ಟಳು. "ನನ್ನ ದೃಷ್ಟಿಗೆ ಇಷ್ಟೇನಾ ಬೆಲೆ" ಎಂದು ಅವರು ಇಡೀ ದಿನ ಗೊಣಗಿದರು.

ಬೇರೆ ವಿಶೇಷವಿಲ್ಲ.

ಅಕ್ಕ

ಅಕ್ಟೋಬರ್ 30

ಅಕ್ಕ,

ತಡವಾಗಿ ಬಂದ ಪತ್ರದಲ್ಲಿ ಚಾಪೆ ಇದೆ, ಚಪ್ಪಲಿ ಇದೆ, ಭಾವನ ಕನ್ನಡಕವೂ ಇದೆ. ಕೇಳಿದ್ದಕ್ಕೆ ಉತ್ತರ ಮಾತ್ರ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇರಲಿ, ಮತ್ತೆ ಕೇಳುವುದಿಲ್ಲ.

ಈ ಪತ್ರದ ಜೊತೆ ಒಂದು ಪಾರ್ಸೆಲ್ ಬರುತ್ತದೆ. ಅದರಲ್ಲಿ ಫ್ರಾಕು ಇದೆ, ಇವಳು ಹೊಲಿದದ್ದು. ಹೋದ ತಿಂಗಳು ತಾನಾಗಿಯೇ ಸೂಜಿ ದಾರ ಕೇಳಿದಳು. ಮಗಳಿಗೆ ಏನಾದರೂ ಹೊಲಿಯುತ್ತೇನೆ, ಅಳತೆ ಕೊಡಿ ಅಂದಳು. ಕೊಟ್ಟೆ.

ಮೆಣಸಿಗೆ ತೊಡಿಸಿ, ಸರಿಯಾಗಿ ಆಗುತ್ತದೆಯೋ ಇಲ್ಲವೋ ಬರೆ. ಆಗುತ್ತದೆ, ಅಥವಾ ಆಗುವುದಿಲ್ಲ. ಅಷ್ಟೇ ಬೇಕು.

ತಮ್ಮ

ನವೆಂಬರ್ 12

ತಮ್ಮಾ,

ಪಾರ್ಸೆಲ್ ಬಿಚ್ಚಿ ಕೂತು ಅತ್ತುಬಿಟ್ಟೆ. ನಿನ್ನ ಭಾವ ಓಡಿಬಂದು "ಏನಾಯ್ತು, ಯಾರಿಗೇನಾಯ್ತು" ಎಂದು ಗಾಬರಿಯಾದರು. ಫ್ರಾಕು ಎತ್ತಿ ತೋರಿಸಿದೆ. ಕತ್ತಿನ ಸುತ್ತ ಎಷ್ಟು ಸಣ್ಣ ಹೊಲಿಗೆ! ಕೈ ನಡುಗುವವರು ಹೊಲಿದದ್ದಲ್ಲ ಅದು. ಇಷ್ಟು ತಿಂಗಳು ನೀನು ಬರೆದ ಯಾವ ಸಾಲಿಗಿಂತಲೂ ಆ ಹೊಲಿಗೆ ನನಗೆ ಹೆಚ್ಚು ಹೇಳಿತು.

ತೊಡಿಸಿದೆ. ಹೇಳಿ ಹೊಲಿಸಿದ ಹಾಗೆ ಕೂತಿದೆ. ಬಿಚ್ಚಲು ಹೋದರೆ ಕಿರುಚುತ್ತಾಳೆ, ಅದರಲ್ಲೇ ಮಲಗುತ್ತಾಳೆ. ಹೊಲಿದವಳಿಗೆ ಹೇಳು, ಅತ್ತಿಗೆಗೆ ಎಲ್ಲ ಅರ್ಥವಾಯಿತಂತೆ ಎಂದು. ಇಷ್ಟನ್ನು ತಪ್ಪದೆ ಹೇಳು.

ಅಕ್ಕ

ನವೆಂಬರ್ 28

ಅಕ್ಕ,

ನಮ್ಮ ಇಲಾಖೆಯಲ್ಲಿ ಒಂದು ಪದ್ಧತಿಯಿದೆ. ಅಂಗಡಿಯ ಮೇಲೆ ಅನುಮಾನ ಬಂದರೆ ಗುರುತಿಲ್ಲದ ಒಬ್ಬ ಗಿರಾಕಿಯನ್ನು ಕಳಿಸುತ್ತೇವೆ. ಅವನ ಕೈಯಲ್ಲಿ ಮೊದಲೇ ತೂಗಿ ಇಟ್ಟ ಸರಕು ಇರುತ್ತದೆ. "ಇದನ್ನು ತೂಗಿ ಹೇಳಿ" ಅನ್ನುತ್ತಾನೆ. ನಿಜವಾದ ತೂಕ ನಮಗೆ ಗೊತ್ತಿರುತ್ತದೆ, ಅಂಗಡಿಯವನ ಬಾಯಲ್ಲಿ ಏನು ಬರುತ್ತದೆ ಎಂಬುದಷ್ಟೇ ಪರೀಕ್ಷೆ.

ಆ ಫ್ರಾಕು ನನ್ನ ಗಿರಾಕಿ. ಇವಳು ಅಳತೆ ಕೇಳಿದಾಗ ನಾನು ಕೊಟ್ಟದ್ದು ಜೂನ್ ತಿಂಗಳ ಅಳತೆ, ನಾನೇ ಟೇಪು ಹಿಡಿದು ಅಳೆದದ್ದು. ಪಾರ್ಸೆಲ್ ಕಟ್ಟುವ ಮುಂಚೆ ಫ್ರಾಕನ್ನೂ ಅಳೆದೆ, ಒಂದು ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ. ಬೆಳೆಯುವ ಮಗುವಿಗೆ ಜೂನ್ ತಿಂಗಳ ಅಳತೆ ನವೆಂಬರಿನಲ್ಲಿ "ಹೇಳಿ ಹೊಲಿಸಿದ ಹಾಗೆ" ಕೂರುವುದು ಹೇಗೆ? ಒಂದೋ ನನ್ನ ಮಗಳು ಈ ಐದು ತಿಂಗಳು ಬೆಳೆದೇ ಇಲ್ಲ. ಇಲ್ಲವೇ ನೀನು ಸುಳ್ಳು ಬರೆದಿದ್ದೀಯ. ಯಾವುದಾದರೂ ಸರಿ, ಅವಳು ಅಲ್ಲಿರುವುದು ನನಗೆ ಬೇಡ.

ಇವಳಿಗೆ ಹೇಳು ಎಂದು ಕಳಿಸಿದ ಮಾತು ಇನ್ನೂ ವಿಚಿತ್ರ. ಏನು ಅರ್ಥವಾಯಿತು ನಿನಗೆ? ಯಾವ ಗುಟ್ಟು? ನಾನು ಹೇಳಲಿಲ್ಲ, ಹೇಳುವುದೂ ಇಲ್ಲ.

ಇವಳು ಮನೆಗೆ ಬಂದು ಎರಡು ವಾರವಾಯಿತು. ನಿನಗೆ ತಿಳಿಸಲಿಲ್ಲ, ತಿಳಿದಿದ್ದರೆ ನೀನು ಹಿಂದೆಯೇ ಇನ್ನೇನಾದರೂ ಹೂಡುತ್ತಿದ್ದೆ. ರಜೆ ಸಿಕ್ಕಿದ ದಿನ ಬಂದು ಮೆಣಸನ್ನು ಕರೆದುಕೊಂಡು ಹೋಗುತ್ತೇನೆ. ಯಾವ ದಿನ ಎಂದು ಹೇಳುವುದಿಲ್ಲ.

ತಮ್ಮ

ಡಿಸೆಂಬರ್ 17

ತಮ್ಮಾ,

ನೀನು ಇಲ್ಲಿಗೆ ಬಂದಿದ್ದಾಗ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ದಾಳಿ ಮಾಡುವವರ ಹಾಗೆ ಬಂದೆ. ಮಕ್ಕಳು ಮರಳು ತುಂಬುವ ಹೊತ್ತಿಗೆ ಬಾಗಿಲಲ್ಲಿ ನಿಂತು "ಫ್ರಾಕು ಎಲ್ಲಿ, ತೋರ್ಸು" ಅಂದೆ. ಗುಂಡ ಹೆದರಿ ಮೇಜಿನ ಕೆಳಗೆ ನುಗ್ಗಿದ. ಮೆಣಸು ಅದನ್ನೇ ತೊಟ್ಟಿದ್ದಳು. ಮೊಣಕಾಲು ಮುಚ್ಚಿತ್ತು, ತೋಳು ಮಣಿಕಟ್ಟಿಗೆ ಬಂದಿತ್ತು. ನೀನು ಟೇಪು ಹಿಡಿದು ಅವಳನ್ನು ಮೇಲಿಂದ ಕೆಳಗೆ ಅಳೆದೆ. ಅವಳು ಬೆಳೆದಿದ್ದಳು. ನಾನು ಫ್ರಾಕಿನ ಅಂಚು ತಿರುಗಿಸಿ ತೋರಿಸಿದೆ. ಹಳೆಯ ಹೊಲಿಗೆ ಬಿಚ್ಚಿದ ತೂತುಗಳ ಸಾಲು ಅಲ್ಲಿತ್ತು. ನಾಲ್ಕು ಬೆರಳಿನಷ್ಟು ಬಟ್ಟೆಯನ್ನು ನಿನ್ನ ಹೆಂಡತಿ ಒಳಗೆ ಮಡಿಸಿ ಬಿಟ್ಟಿದ್ದಳು. ಅಂಚಿನಲ್ಲಿ, ತೋಳಿನಲ್ಲಿ, ಎರಡೂ ಪಕ್ಕದಲ್ಲಿ. ಮೇಲೆಲ್ಲ ಅಷ್ಟು ಗಟ್ಟಿ ಹೊಲಿದವಳು ಆ ಮಡಿಕೆಗೆ ಮಾತ್ರ ಎಳೆದರೆ ಬರುವ ಹಾಗೆ ಸಡಿಲ ದಾರ ಹಾಕಿದ್ದಳು. ನಾನು ಎಳೆದೆ, ಮೆಣಸಿನ ಮೈಗೆ ಹಿಡಿದು ಮತ್ತೆ ಹೊಲಿದೆ. ನನಗೆ ಅರ್ಥವಾದದ್ದು ಇಷ್ಟೇ. ನೀನು ಹೊರಗಿನಿಂದ ಅಳೆದೆ, ಒಳಗೆ ತಿರುಗಿಸಿ ನೋಡಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅದಕ್ಕೂ ನನಗೆ ಸಿಟ್ಟಿಲ್ಲ. ಎದ್ದು ಕೂರಲಾರದವಳು ಮೊದಲ ಸಲ ಸೂಜಿ ಹಿಡಿದು ಮಗಳಿಗೆ ಹೊಲಿದದ್ದನ್ನು ಬಲೆಯ ಕೆಳಗೆ ಚೆಲ್ಲಿದ ಕಾಳು ಮಾಡಿದೆಯಲ್ಲ, ಅದಕ್ಕೆ ಸಿಟ್ಟು. ಅದನ್ನು ನಾನು ಬೇಗ ಮರೆಯುವುದಿಲ್ಲ.

ಆಗ ನೀನು ನಕ್ಕುಬಿಡುವವನಿದ್ದೆ, ನಿನ್ನ ಮೀಸೆ ಅಲುಗಿದ್ದನ್ನು ನೋಡಿದೆ. ಅಷ್ಟರಲ್ಲಿ ಮೆಣಸು ನಿನ್ನ ಟೇಪಿಗೆ ಹೆದರಿ ಬಂದು ನನ್ನ ಕಾಲು ತಬ್ಬಿಕೊಂಡು "ಅಮ್ಮಾ" ಅಂದಳು. ಆಗಸ್ಟಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಸಿಕ್ಕಿತು.

ನಾನು ಕಲಿಸಲಿಲ್ಲ. ದಿನಾ ಸಂಜೆ ಎಂಟು ಮಕ್ಕಳು "ಅಮ್ಮಾ" ಎಂದು ಬಾಗಿಲಿಗೆ ಓಡುತ್ತವೆ. ಒಂಬತ್ತನೆಯವಳಿಗೆ ಯಾರೂ ಬರುವುದಿಲ್ಲ. ಒಂದು ಸಂಜೆ ಅವಳು ಬಾಗಿಲನ್ನು ನೋಡಿ ನೋಡಿ, ಈ ಕಡೆ ತಿರುಗಿ, ನನ್ನನ್ನೇ ಹಾಗೆ ಕರೆದಳು. ನಾನು ಕಲಿಸಲಿಲ್ಲ, ತಿದ್ದಲೂ ಇಲ್ಲ. ನಿನಗೆ ಬರೆಯಲು ಕೂತಾಗೆಲ್ಲ ಅದನ್ನು ಬರೆಯಬೇಕು ಅಂದುಕೊಂಡು ಚಾಪೆಯ ವಿಷಯ ಬರೆದೆ.

ಅವತ್ತು ಮಧ್ಯಾಹ್ನವೇ ಕರೆದುಕೊಂಡು ಹೊರಟೆ. ಬೀದಿಯ ತುದಿಯವರೆಗೂ ಅವಳ ದನಿ ಕೇಳುತ್ತಿತ್ತು. ಈಗ ನನ್ನ ಸರದಿ. ಊಟ ಮಾಡುತ್ತಾಳಾ? ಏನು, ಎಷ್ಟು? ರಾತ್ರಿ ಎದ್ದು ಅಳುತ್ತಾಳಾ? ಅವಳ ಅಮ್ಮ ಎತ್ತಿಕೊಂಡಳಾ? "ಪರವಾಗಿಲ್ಲ" ಎಂದು ಬರೆದರೆ ಹರಿದು ಹಾಕುತ್ತೇನೆ.

ಅಕ್ಕ

ಜನವರಿ 4

ಅಕ್ಕ,

ಮೆಣಸು ಆರಾಮಾಗಿದ್ದಾಳೆ. ಊಟ ಚೆನ್ನಾಗಿ ಮಾಡುತ್ತಾಳೆ. ಚೆನ್ನಾಗಿ ಮಲಗುತ್ತಾಳೆ. ಇಲ್ಲಿಗೆ ಬೇಗ ಹೊಂದಿಕೊಂಡಳು.

ಫ್ರಾಕಿನ ಮಡಿಕೆಯ ಬಗ್ಗೆ ಇವಳನ್ನು ಕೇಳಿದೆ. ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟಳು. ಆಮೇಲೆ "ಅಳತೆ ಹೇಳುವಾಗ ನೀವು ನನ್ನ ಮುಖ ನೋಡ್ಲಿಲ್ಲ. ಏನೋ ಸರಿಯಿಲ್ಲ ಅನ್ನಿಸ್ತು. ಅದಕ್ಕೇ ಬಟ್ಟೆ ಬಿಟ್ಟೆ" ಅಂದಳು. ಆಸ್ಪತ್ರೆಯ ಹಾಸಿಗೆಯಲ್ಲಿ, ಯಾರೊಡನೆಯೂ ಮಾತಿಲ್ಲದೆ ಇದ್ದವಳು ನನ್ನನ್ನು ತಪಾಸಣೆ ಮಾಡುತ್ತಿದ್ದಳು. ನನಗೆ ನಾಚಿಕೆಯಾಯಿತು. ನೀನು ಕಳಿಸಿದ ಮಾತನ್ನೂ ಆಗ ಹೇಳಿದೆ. "ನಂಗೊತ್ತಿತ್ತು" ಅಂದಳು.

ತಮ್ಮ

ಜನವರಿ 20

ತಮ್ಮಾ,

ನಿನ್ನ ಹೆಂಡತಿಯ ಮಾತು ಓದಿ ಮನಸ್ಸು ತಂಪಾಯಿತು. ಉಳಿದದ್ದನ್ನು ನಾನು ನಂಬುವುದಿಲ್ಲ.

ಮೆಣಸು ಹೊಸ ಜಾಗದಲ್ಲಿ ಚೆನ್ನಾಗಿ ಮಲಗುವವಳಲ್ಲ. ನಮ್ಮ ಮನೆಯಲ್ಲಿ ಒಂದು ತಿಂಗಳು ನನ್ನ ಕಿವಿ ಹಿಡಿದುಕೊಂಡೇ ಮಲಗಿದಳು. "ಚೆನ್ನಾಗಿ" ಎಂಬ ಅಳತೆ ಯಾವ ಸರ್ಕಾರದಲ್ಲಿ ಚಾಲ್ತಿಯಲ್ಲಿದೆ, ತಪಾಸಕರೇ? ನಾಲ್ಕು ಸಾಲಿನಲ್ಲಿ ಮಗು, ಎಂಟು ಸಾಲಿನಲ್ಲಿ ಫ್ರಾಕು. ಯಾವುದನ್ನು ಮುಚ್ಚಲು ಯಾವುದನ್ನು ಹರಡಿದ್ದೀಯ ಎಂದು ನನಗೂ ಗೊತ್ತಾಗುತ್ತದೆ.

ನಿಜ ಬರೆ.

ಅಕ್ಕ

ಫೆಬ್ರವರಿ 18

ಅಕ್ಕ,

ನಿಜ ಬರೆಯುತ್ತೇನೆ. ಬಂದ ಮೇಲೆ ಮೆಣಸು ದಿನಾ ಸಂಜೆ ಬೀದಿ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಕತ್ತಲಾಗುವವರೆಗೆ ಅಲ್ಲೇ. ಎತ್ತಿಕೊಂಡರೆ ಕಚ್ಚುತ್ತಿದ್ದಳು. ಇವಳ ಹತ್ತಿರ ಹೋಗಲಿಲ್ಲ, ಇವಳೂ ಕರೆಯಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಎರಡು ಗೋಡೆಗೆ ಒರಗಿ ಕೂತಿರುತ್ತಿದ್ದರು. ತಪ್ಪು ಮಾಡಿದೆ, ವಾಪಸು ಕಳಿಸಿಬಿಡೋಣ ಎಂದು ಎರಡು ಸಲ ನಿನಗೆ ಪತ್ರ ಬರೆದೆ. ಹಾಕಲಿಲ್ಲ.

ಸ್ನಾನದ ಮನೆಯಲ್ಲಿ ಒಂದು ತೊಟ್ಟಿ, ನಾಲ್ಕು ಲೋಟ, ತಳ ತೂತು ಮಾಡಿದ ಡಬ್ಬಿ ಇಟ್ಟೆ. ಮೊದಲ ದಿನ ನಾನೊಬ್ಬನೇ ಕೂತು ಸುರಿದೆ. ನೋಡಿದವರು ನನಗೂ ಆಸ್ಪತ್ರೆ ಬೇಕು ಅನ್ನುತ್ತಿದ್ದರು. ಮೂರನೆಯ ದಿನ ಮೆಣಸು ಬಂದು ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡಳು. ಅಲ್ಲಿಂದ ಕಚ್ಚುವುದು ನಿಂತಿತು. ಉದ್ದ ಲೋಟವನ್ನು ನೋಡಿ "ದೊಡ್ಡಾಯ್ತು" ಅಂದಳು, ನಾನು ತಿದ್ದಲಿಲ್ಲ. ನಾಲಿಗೆ ಕಚ್ಚಿಕೊಂಡು ಕೂತಿದ್ದೆ.

ಹೋದ ವಾರದ ಮಾತು. ಇವಳು ಮಂಚದ ಮೇಲೆ ಬಟ್ಟೆ ಹರಡಿಕೊಂಡು ಗೇಣು ಹಾಕಿ ಅಳೆಯುತ್ತಿದ್ದಳು. ನಾನು ಕೊಡುವ ಅಳತೆಯನ್ನು ಈಗ ಕೇಳುವುದಿಲ್ಲ. ಮೆಣಸು ಬಾಗಿಲಲ್ಲಿ ನಿಂತು ನೋಡಿದಳು. ಇವಳು ತಲೆ ಎತ್ತಲಿಲ್ಲ. ಮೆಣಸು ಒಳಗೆ ಹೋಗಿ ತನ್ನ ಕೈ ಬಿಚ್ಚಿ, ಇವಳ ಕಿರುಬೆರಳಿನ ಪಕ್ಕಕ್ಕೆ, ಸಂದು ಬಿಡದೆ, ಒತ್ತಿ ಇಟ್ಟಳು. ಇವಳು ತನ್ನ ಕೈ ಎತ್ತಿ ಅದರ ಮುಂದೆ ಇಟ್ಟಳು. ಮತ್ತೆ ಅದು, ಮತ್ತೆ ಇದು. ಹಾಗೇ ಬಟ್ಟೆಯ ತುದಿ ಮುಟ್ಟಿದರು. ನಾನು ಕಿಟಕಿಯ ಹೊರಗೆ ಕಳ್ಳನ ಹಾಗೆ ನಿಂತು ನೋಡಿದೆ. ಎಷ್ಟು ಗೇಣು ಎಂದು ಎಣಿಸಲಿಲ್ಲ, ನನಗೆ ಕಣ್ಣು ಮಂಜಾಗಿತ್ತು.

ಇವಳನ್ನು ಇನ್ನೂ ಏನೆಂದೂ ಕರೆಯುವುದಿಲ್ಲ. ಆದರೆ ಪಕ್ಕದಲ್ಲಿ ಕೂರುತ್ತಾಳೆ. ನಿನ್ನನ್ನು ಕೇಳುತ್ತಾಳೆ. ಅಕ್ಕ, ಒಂದು ಹತ್ತು ದಿನ ಬಾ. ಇವಳೂ "ಅತ್ತಿಗೆ ಬರ್ಲಿ" ಅನ್ನುತ್ತಿದ್ದಾಳೆ. ಇದರಲ್ಲಿ ಯಾವ ಪರೀಕ್ಷೆಯೂ ಇಲ್ಲ.

ತಮ್ಮ

ಮಾರ್ಚ್ 3

ತಮ್ಮಾ,

ನಿನ್ನ ಪತ್ರ ಮೂರು ಸಲ ಓದಿದೆ. ಈಗ ಬರಲಾಗುವುದಿಲ್ಲ. ಮುಂದಿನ ಕೋಣೆಗೆ ಸುಣ್ಣ ಬಳಿಸಬೇಕು. ನಿನ್ನ ಭಾವನಿಗೆ ಮೊಣಕಾಲು ನೋವು. ಮಕ್ಕಳನ್ನು ಯಾರ ಕೈಗೆ ಬಿಟ್ಟು ಬರಲಿ? ಮುಂದೆ ನೋಡೋಣ.

ಮೆಣಸಿಗೆ ಉಗುರು ಕತ್ತರಿಸುವಾಗ ಮಲಗಿದ ಮೇಲೆ ಕತ್ತರಿಸಿ.

ಅಕ್ಕ

ಮಾರ್ಚ್ 15

ಅಕ್ಕ,

ಸುಣ್ಣ ಬಳಿಸುವವಳು ಮಕ್ಕಳನ್ನು ಕೋಣೆಯಲ್ಲಿ ಹೇಗೆ ಕೂರಿಸುತ್ತೀಯ? ಸುಣ್ಣವಿದ್ದರೆ ರಜೆ, ರಜೆಯಿದ್ದರೆ ನೀನು ಬರಬಹುದು. ಭಾವನಿಗೆ ಪ್ರತ್ಯೇಕ ಬರೆದೆ. ಮೊಣಕಾಲಿನ ವಿಷಯ ಕೇಳಿದರೆ ಅವರು "ಯಾವ ಮೊಣಕಾಲು?" ಎಂದು ಬರೆದಿದ್ದಾರೆ.

ನೀನು ಏನೋ ಮುಚ್ಚಿಡುತ್ತಿದ್ದೀಯ. ನನ್ನ ಮೇಲಿನ ಸಿಟ್ಟಾದರೆ ಬಂದು ಎದುರಿಗೆ ಬೈ. ಬೇರೆ ಏನಾದರೂ ಇದ್ದರೆ ಹೇಳು. ಈಗಲೂ ಅನುಮಾನಿಸುತ್ತಾನೆ ಅನ್ನಬೇಡ, ಅನುಮಾನ ಬರುವ ಹಾಗೆ ಬರೆಯುವವಳು ನೀನೇ.

ತಮ್ಮ

ಮಾರ್ಚ್ 27

ತಮ್ಮಾ,

ಸುಣ್ಣ ಸುಳ್ಳು. ಮೊಣಕಾಲೂ ಸುಳ್ಳು. ಆ ಮನುಷ್ಯನಿಗೆ ಒಂದು ಸುಳ್ಳನ್ನು ಹೊಂದಿಸಿ ಹೇಳಲೂ ಬರುವುದಿಲ್ಲ.

ನಾನು ಬಂದರೆ ಏನಾಗುತ್ತದೆ ಗೊತ್ತಾ? ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಮೆಣಸು ಓಡಿಬಂದು ಸೊಂಟ ಹತ್ತುತ್ತಾಳೆ. "ಅಮ್ಮಾ" ಅನ್ನುತ್ತಾಳೆ. ನಿನ್ನ ಹೆಂಡತಿ ಬಟ್ಟೆಯ ಮೇಲಿಂದ ಕೈ ತೆಗೆದು ಎದ್ದು ಒಳಗೆ ಹೋಗುತ್ತಾಳೆ. ನನಗೆ ಕಾಫಿಯನ್ನೂ ತಂದು ಕೊಡುತ್ತಾಳೆ. ಆದರೆ ಮತ್ತೆ ಆ ಮಂಚದ ಮೇಲೆ ಮಗುವಿನ ಪಕ್ಕ ಕೈ ಇಡಲು ಅವಳಿಗೆ ಎಷ್ಟು ಕಾಲ ಬೇಕಾಗುತ್ತದೋ ಯಾರಿಗೆ ಗೊತ್ತು.

ಇನ್ನೂ ಇದೆ. ಅವಳು ಎದ್ದು ಒಳಗೆ ಹೋಗಲಿ ಎಂದು ನನ್ನ ಹೊಟ್ಟೆಯೊಳಗೆ ಯಾರೋ ಒಬ್ಬಳು ಕಾದು ಕೂತಿರುತ್ತಾಳೆ. ನೀನು ಕಂಡಕಂಡವರನ್ನೆಲ್ಲ ಸುಮ್ಮಸುಮ್ಮನೆ ಅನುಮಾನಿಸಿದೆ. ನನ್ನೊಬ್ಬಳನ್ನು ಸರಿಯಾಗಿ ಅನುಮಾನಿಸಿದೆ. ಮಕ್ಕಳಿಲ್ಲದವಳು ಎಂದು ಇಷ್ಟು ವರ್ಷ ಯಾರಾದರೂ ಅಂದರೆ "ಬೆಳಿಗ್ಗೆ ಎಂಟು ಬರ್ತವೆ, ಸಾಲದಾ" ಅನ್ನುತ್ತಿದ್ದೆ. ಈಗ ಸಂಜೆ ಎಂಟೂ ಹೊರಟುಹೋದ ಮೇಲೆ ಆ ಕೋಣೆಗೆ ಕಾಲಿಡಲು ಆಗುವುದಿಲ್ಲ. ನಿನ್ನ ಭಾವನೇ ಗುಡಿಸುತ್ತಾರೆ.

ಮೆಣಸು ನನ್ನನ್ನು ಕೇಳಿದರೆ ಬೇರೆ ಏನಾದರೂ ತೋರಿಸಿ ಮರೆಸಿ. ಅವಳು ನಿನ್ನ ಹೆಂಡತಿಯನ್ನು ಅಮ್ಮ ಎಂದು ಕರೆದ ದಿನ ನನಗೆ ಬರೆ. ಆ ಪತ್ರವನ್ನು ಮಾತ್ರ ನಾನು ಅನುಮಾನಿಸುವುದಿಲ್ಲ. ಅಲ್ಲಿಯವರೆಗೆ ಕರೆಯಬೇಡ.

ನನಗೆ ಅವಳು ಬೇಕು, ತಮ್ಮಾ. ಅದಕ್ಕೇ ಬರುವುದಿಲ್ಲ.

ಅಕ್ಕ